ಮುಂದಿನ ನಂಬರು ಯಾರದು?

ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಆ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ ಪ್ರತಿವರ್ಷ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅದರ ಅರ್ಜಿಗಳನ್ನು ಕಾಗದದ ಬದಲು ಕಂಪ್ಯೂಟರಿನಲ್ಲೇ ತುಂಬುವಂತೆ ಒಂದು ಜಾಲತಾಣ ಕಟ್ಟಿಕೊಡುತ್ತೇನೆ, ಅದೇ ತನ್ನ ಪ್ರಾಜೆಕ್ಟ್ ಕೆಲಸವೂ ಆಗುತ್ತದೆ ಎಂದು ಮಗಳು ಒಪ್ಪಿಕೊಂಡಳು. ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ಹಿಂದಿನ ವರ್ಷದ ಅರವತ್ತು ಅರ್ಜಿಗಳನ್ನು ಅಪ್ಪನಿಂದ ಇಸಿದುಕೊಂಡು ಅದರೊಳಗೆ ತುಂಬಿದಳು.

ತುಂಬಿದ ದಿನವೇ ಹಾಸ್ಟೆಲಿನ ಗೆಳತಿಯೊಬ್ಬಳಿಗೆ 'ಹೇಗಿದೆ ನೋಡಿ ಹೇಳೇ' ಎಂದು ತೋರಿಸಿದಳು. ಪರದೆಯ ಮೇಲ್ತುದಿಯಲ್ಲಿದ್ದ ವಿಳಾಸದ ಸಾಲು 47 ಎಂದು ಮುಗಿದಿತ್ತು. ಗೆಳತಿ ಸುಮ್ಮನೆ ಅದನ್ನು ಅಳಿಸಿ 46 ಎಂದು ಒತ್ತಿದಳು. ಬೇರೊಬ್ಬ ಹುಡುಗಿಯ ಅರ್ಜಿ ತೆರೆದುಕೊಂಡಿತು. ಮನೆಯ ವಾರ್ಷಿಕ ವರಮಾನ, ಬ್ಯಾಂಕ್ ಖಾತೆಯ ನಂಬರು, ಜಾತಿ ಪ್ರಮಾಣಪತ್ರ ಎಲ್ಲವೂ ಇದ್ದವು. 'ನೆರವು ಏಕೆ ಬೇಕು' ಎಂಬ ಜಾಗದಲ್ಲಿ, ತಂದೆ ಮನೆ ಬಿಟ್ಟುಹೋಗಿ ಎರಡು ವರ್ಷವಾಯಿತು ಎಂಬ ಸಂಗತಿ ಇತ್ತು. ಆ ಹುಡುಗಿ ತರಗತಿಯಲ್ಲಿ ಯಾರೊಂದಿಗೂ ಆಡದೆ, ಕಚೇರಿಯ ಮೇಜಿನ ಮುಂದೆ ನಿಂತು ತಲೆ ತಗ್ಗಿಸಿ ಬರೆದುಕೊಟ್ಟ ನಾಲ್ಕು ಸಾಲು ಅದು.

ವಿಷಯ ಕೇಳಿದ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಏನಮ್ಮಾ ಇದು, ನಿನ್ನ ಬೀರುವಿಗೆ ಬೀಗವೇ ಇಲ್ಲವಲ್ಲ' ಎಂದರು.

'ಬೀಗ ಹಾಕ್ತೀನಪ್ಪಾ. ಆದರೆ ನಂಬರು ಕೊಡೋ ರೀತೀನೂ ಇನ್ನೊಂದು ಸಲ ಯೋಚನೆ ಮಾಡಬೇಕು' ಎಂದಳು ಮಗಳು.

ಅವಳು ಹೇಳಿದ್ದು ಎರಡು ಬೇರೆಬೇರೆ ಕೆಲಸ. ಕೇಳುತ್ತಿರುವವರಿಗೆ ಈ ಅರ್ಜಿ ನೋಡುವ ಹಕ್ಕಿದೆಯೇ ಎಂದು ಪ್ರತಿಸಲವೂ ಪರಿಶೀಲಿಸುವುದು ಬೀಗದ ಕೆಲಸ. ನಂಬರು ಎಷ್ಟೇ ಜಟಿಲವಾಗಿದ್ದರೂ ಈ ಬೀಗ ಬೇಕೇ ಬೇಕು. ಬೀಗವಿಲ್ಲದ ಮನೆಯ ವಿಳಾಸವನ್ನು ಬಚ್ಚಿಟ್ಟರೆ ಕಳ್ಳ ಬರುವುದಿಲ್ಲವೆಂದು ನೆಮ್ಮದಿಯಾಗಿ ಮಲಗುವವರು ಕಂಪ್ಯೂಟರ್ ಲೋಕದಲ್ಲಿ ಕಡಿಮೆಯೇನಿಲ್ಲ! ಬೀಗವನ್ನು ಮಗಳು ಅದೇ ರಾತ್ರಿ ಕೂತು ಹಾಕಿ ಮುಗಿಸಿದಳು. ಉಳಿದದ್ದು ನಂಬರು. ಅದಕ್ಕೆ ಮೂರು ವಾರ ಹಿಡಿಯಿತು.

ಮಾಹಿತಿ ಕೂಡಿಡುವ ಡೇಟಾಬೇಸಿನಲ್ಲಿ ಪ್ರತಿ ದಾಖಲೆಗೂ ಒಂದು ಗುರುತಿನ ನಂಬರು ಇರಲೇಬೇಕು. ಹೆಸರನ್ನು ನೆಚ್ಚುವಂತಿಲ್ಲ. ಒಂದೇ ತರಗತಿಯಲ್ಲಿ ಮೂವರು ಮಂಜುನಾಥರು ಕೂತಿರುವುದು ಯಾವ ಮೇಷ್ಟರಿಗೆ ಗೊತ್ತಿಲ್ಲ? ಫೋನ್ ನಂಬರು ಬದಲಾಗುತ್ತದೆ, ಊರೂ ಬದಲಾಗುತ್ತದೆ. ಆದ್ದರಿಂದ ದಾಖಲೆ ಹುಟ್ಟಿದೊಡನೆ ಅದಕ್ಕೊಂದು ನಂಬರು ಕಟ್ಟಿಬಿಡುತ್ತಾರೆ. ಎಲ್ಲಕ್ಕಿಂತ ಸುಲಭವಾದದ್ದು ಶಾಲೆಯ ಅಡ್ಮಿಷನ್ ರಿಜಿಸ್ಟರಿನ ಕ್ರಮ: 1, 2, 3 ಎಂದು ಹೋಗುವುದು. ಡೇಟಾಬೇಸ್ ತಂತ್ರಾಂಶಗಳು ಇದನ್ನು ತಾವಾಗಿಯೇ ಮಾಡಿಕೊಡುತ್ತವೆ. ನಂಬರು ಚಿಕ್ಕದು, ಹುಡುಕುವುದು ಸಲೀಸು, ಯಾವುದು ಮೊದಲು ಬಂತೆಂದು ನೋಡಿದೊಡನೆ ತಿಳಿಯುತ್ತದೆ. ಇದರ ತೊಂದರೆ ಬೇರೆ ಕಡೆ ಇದೆ.

ಕ್ರಮವಾಗಿ ಹೋಗುವ ನಂಬರು ಬಾಯಿಬಡುಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ತಯಾರಿಸುತ್ತಿದೆ ಎಂಬುದು ಮಿತ್ರರಾಷ್ಟ್ರಗಳಿಗೆ ದೊಡ್ಡ ಪ್ರಶ್ನೆಯಾಗಿತ್ತು. 1940ರ ಜೂನ್‌ನಿಂದ 1942ರ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಸುಮಾರು 1,400 ಎಂದು ಗೂಢಚಾರರ ಅಂದಾಜು. ಸಂಖ್ಯಾಶಾಸ್ತ್ರಜ್ಞರು ಸೆರೆಸಿಕ್ಕ ಟ್ಯಾಂಕುಗಳ ಬಿಡಿಭಾಗಗಳ ಮೇಲೆ ಕೊರೆದಿದ್ದ ಕ್ರಮಸಂಖ್ಯೆಗಳನ್ನು ಕೂಡಿಸಿ ನೋಡಿ 246 ಎಂದರು. ಯುದ್ಧ ಮುಗಿದ ಮೇಲೆ ಜರ್ಮನರ ದಾಖಲೆಯಲ್ಲಿ ಸಿಕ್ಕ ಸಂಖ್ಯೆ 245! ಲೆಕ್ಕ ಬಹಳ ಸರಳ. ಸಿಕ್ಕಿದ ನಂಬರುಗಳಲ್ಲಿ ಅತಿ ದೊಡ್ಡದನ್ನು ತೆಗೆದುಕೊಳ್ಳಿ. ಅದನ್ನು ಸಿಕ್ಕಿದವು ಎಷ್ಟೋ ಅಷ್ಟರಿಂದ ಭಾಗಿಸಿ, ಬಂದದ್ದನ್ನು ಅದಕ್ಕೇ ಕೂಡಿಸಿ ಒಂದು ಕಳೆಯಿರಿ. ಐದು ಮಕ್ಕಳ ಅರ್ಜಿ ಚೀಟಿಗಳಲ್ಲಿ 31, 77, 102, 148, 160 ಎಂದಿದ್ದರೆ 160ಕ್ಕೆ 32 ಕೂಡಿಸಿ ಒಂದು ಕಳೆದು ಒಟ್ಟು ಅರ್ಜಿ ಸುಮಾರು 191 ಎನ್ನಬಹುದು. ವಿದ್ಯಾರ್ಥಿವೇತನದ ಅರ್ಜಿ ಎಷ್ಟೆಂದು ಊರಿಗೆ ತಿಳಿದರೆ ಏನೂ ಮುಳುಗುವುದಿಲ್ಲ, ಸರಿ. ಆದರೆ ವ್ಯಾಪಾರದ ತಾಣವೊಂದರ ಎದುರಾಳಿ, ತಿಂಗಳ ಮೊದಲ ದಿನ ಒಂದು ಸಾಮಾನು, ಕೊನೆಯ ದಿನ ಒಂದು ಸಾಮಾನು ತರಿಸಿಕೊಂಡು ಎರಡು ರಸೀದಿಯ ನಂಬರು ಕಳೆದರೆ ಸಾಕು, ಆ ತಿಂಗಳ ವಹಿವಾಟು ಅವನ ಅಂಗೈಯಲ್ಲಿರುತ್ತದೆ.

ಇನ್ನೊಂದು ತೊಂದರೆ ನಂಬರು ಮುಗಿದುಹೋಗುವುದು. ರಿಜಿಸ್ಟರಿನಲ್ಲಿ ಅಂಕಿ ಬರೆಯಲು ಇಷ್ಟೇ ಅಗಲದ ಅಂಕಣ ಎಂದು ಗೆರೆ ಹಾಕಿರುವಂತೆ ಕಂಪ್ಯೂಟರಿನಲ್ಲೂ ನಂಬರಿಗೆ ಇಂತಿಷ್ಟೇ ಜಾಗ ಎಂದು ಮೊದಲೇ ಹೇಳಿರಬೇಕು. ಬಹುಕಾಲ ರೂಢಿಯಲ್ಲಿದ್ದದ್ದು 32 ಬಿಟ್‌ಗಳ ಜಾಗ. ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 2,14,74,83,647. ಇನ್ನೂರ ಹದಿನಾಲ್ಕು ಕೋಟಿ ದಾಟುವವರು ಯಾರು ಎಂದು ಎಲ್ಲರಿಗೂ ಅನಿಸುತ್ತದೆ. ಯೂಟ್ಯೂಬಿನವರಿಗೂ ಅನಿಸಿತ್ತು. 2014ರ ಡಿಸೆಂಬರಿನಲ್ಲಿ ಕೊರಿಯಾದ 'ಗಂಗ್ನಮ್ ಸ್ಟೈಲ್' ಹಾಡನ್ನು ನೋಡಿದವರ ಎಣಿಕೆ ಆ ಗೆರೆ ದಾಟಿ, ಎಣಿಸುವ ಜಾಗವನ್ನೇ 64 ಬಿಟ್‌ಗೆ ಹಿಗ್ಗಿಸಬೇಕಾಗಿ ಬಂದದ್ದನ್ನು ಅವರೇ ಸಾರಿದರು. ಅದು ಬರಿಯ ಎಣಿಕೆ. ದಾಖಲೆಗಳ ಗುರುತಿನ ನಂಬರೇ ಮುಗಿದರೆ ಸಂಕಟ ಹೆಚ್ಚು. ಕಚೇರಿ ಕೆಲಸಗಳನ್ನು ಹೊಂದಿಸಿಕೊಡುವ ಬೇಸ್‌ಕ್ಯಾಂಪ್ ಎಂಬ ಅಮೆರಿಕದ ತಾಣಕ್ಕೆ 2018ರ ನವೆಂಬರ್ 8ರಂದು ಇದೇ ಆಯಿತು. ಒಂದು ಪಟ್ಟಿಯ ನಂಬರು ಕೊನೆ ಮುಟ್ಟಿ, ಹೊಸದಾಗಿ ಏನನ್ನೂ ಬರೆಯಲಾಗದೆ ಸುಮಾರು ಐದು ಗಂಟೆ ಹಳೆಯದನ್ನು ಓದುವುದಷ್ಟೇ ಸಾಧ್ಯವಾಗಿತ್ತು. ತಮಾಷೆಯೆಂದರೆ, ಈ ತಾಣ ಕಟ್ಟಿದವರ ಮನೆಯಿಂದಲೇ ಹೊರಬಂದ 'ರೂಬಿ ಆನ್ ರೈಲ್ಸ್' ಎಂಬ ತಂತ್ರಾಂಶ 2017ರಲ್ಲಿಯೇ ದೊಡ್ಡ ಜಾಗಕ್ಕೆ ಬದಲಾಗಿತ್ತು. ಹಳೆಯ ಪಟ್ಟಿ ಹಳೆಯ ಅಳತೆಯಲ್ಲೇ ಉಳಿದಿತ್ತು. 64 ಬಿಟ್‌ಗಳ ಜಾಗವಾದರೆ ಸೆಕೆಂಡಿಗೆ ಒಂದು ಲಕ್ಷ ನಂಬರು ಕೊಡುತ್ತ ಹೋದರೂ ಮುಗಿಯಲು 29 ಲಕ್ಷ ವರ್ಷ ಬೇಕು. ಮೊದಲ ದಿನ ಒಂದು ಪದ ಬದಲಿಸಿ ಬರೆದರೆ ಸಿಗುವ ಜಾಗ ಇದು. ಕೋಟಿಗಟ್ಟಲೆ ಸಾಲು ತುಂಬಿದ ಮೇಲೆ ಬದಲಿಸುವುದು, ಮದುವೆ ಊಟ ನಡೆಯುತ್ತಿರುವಾಗ ಚಪ್ಪರ ಕಿತ್ತು ಬೇರೆ ಕಡೆ ಹಾಕಿದಷ್ಟು ಕಷ್ಟ.

ಇದೆಲ್ಲ ಕೇಳಿದ ಅಪ್ಪನಿಗೆ ತಮ್ಮ ಕಾಲದ ಜೂನ್ ತಿಂಗಳೊಂದು ನೆನಪಾಯಿತು. ಆ ವರ್ಷ ಎಂಟನೇ ತರಗತಿಗೆ ಸೇರುವ ಮಕ್ಕಳು ಮೈದಾನದ ತನಕ ಸಾಲು ನಿಂತಿದ್ದರು. ಮುಖ್ಯೋಪಾಧ್ಯಾಯರು ಎರಡು ಮೇಜು ಹಾಕಿಸಿ, ಇನ್ನೊಂದಕ್ಕೆ ಡ್ರಾಯಿಂಗ್ ಮೇಷ್ಟರನ್ನು ಕೂರಿಸಿದರು. ಸಂಜೆ ನೋಡಿದರೆ ಎರಡು ಮೇಜಿನಲ್ಲೂ ಒಂದೇ ನಂಬರು ಪಡೆದ ಮಕ್ಕಳು! ಮರುದಿನ ಅವರೇ ಉಪಾಯ ಹೂಡಿದರು: ಒಂದು ಮೇಜಿಗೆ ಐವತ್ತು ನಂಬರಿನ ಒಂದು ಕಂತೆ, ಇನ್ನೊಂದಕ್ಕೆ ಅದರ ಮುಂದಿನ ಐವತ್ತರ ಕಂತೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಡ್ರಾಯಿಂಗ್ ಮೇಷ್ಟರ ಕಂತೆಯಲ್ಲಿ ಏಳು ನಂಬರು ಖರ್ಚಾಗದೆ ಉಳಿದವು. ತಪಾಸಣೆಗೆ ಬಂದವರು 'ನಡುವೆ ಏಳು ಮಕ್ಕಳೆಲ್ಲಿ ಹೋದರು' ಎಂದು ಕೇಳಿದಾಗ ಉತ್ತರಿಸುವಷ್ಟರಲ್ಲಿ ಸಾಕುಸಾಕಾಯಿತಂತೆ.

'ಅಪ್ಪಾ, ದೊಡ್ಡ ದೊಡ್ಡ ತಾಣಗಳೂ ಈ ಕಂತೆ ಹಂಚೋ ಕೆಲಸ ಮಾಡ್ತವೆ' ಎಂದು ಮಗಳು ನಕ್ಕಳು. 'ನಡುವೆ ಖಾಲಿ ಬಿದ್ದರೆ ಕಂಪ್ಯೂಟರಿಗೆ ಬೇಜಾರಿಲ್ಲ. ತಪಾಸಣೆಯವರಿಗೆ ಮಾತ್ರ.'

ಅವಳ ಮಾತು ನಿಜ. ಒಂದು ಕಂಪ್ಯೂಟರು ಸಾಲದೆ ಹತ್ತಾರು ಕಂಪ್ಯೂಟರುಗಳ ಮೇಲೆ ದಾಖಲೆ ಹಂಚಿದಾಗ ಎಲ್ಲರಿಗೂ ಎದುರಾಗುವುದು ಎರಡು ಮೇಜಿನ ಈ ಪ್ರಶ್ನೆಯೇ. ಫೋಟೋ ಹಂಚಿಕೊಳ್ಳುವ ಫ್ಲಿಕರ್ ತಾಣ 2006ರಲ್ಲಿ ಇದಕ್ಕೆ ಚೊಕ್ಕವಾದ ದಾರಿ ಹುಡುಕಿತು. ಚೀಟಿ ಕೊಡುವುದಷ್ಟೇ ಕೆಲಸವಾಗಿರುವ ಎರಡು ಸರ್ವರ್‌ಗಳನ್ನು ಇಟ್ಟಿತು. ಒಂದು ಬೆಸಸಂಖ್ಯೆಗಳನ್ನು, ಇನ್ನೊಂದು ಸಮಸಂಖ್ಯೆಗಳನ್ನು ಕೊಡುತ್ತದೆ. ಒಂದು ಕೆಟ್ಟು ಕೂತರೂ ಇನ್ನೊಂದು ನಡೆಸುತ್ತದೆ.

ಟ್ವಿಟರ್ 2010ರಲ್ಲಿ ಹಿಡಿದದ್ದು ಬೇರೆ ದಾರಿ. ಚೀಟಿ ಕೇಳಲು ಯಾವ ಕಿಟಕಿಗೂ ಹೋಗದೆ ಪ್ರತಿ ಯಂತ್ರವೂ ತನ್ನ ನಂಬರನ್ನು ತಾನೇ ಹೊಸೆದುಕೊಳ್ಳುವ ಈ ಕ್ರಮಕ್ಕೆ ಅವರಿಟ್ಟ ಹೆಸರು 'ಸ್ನೋಫ್ಲೇಕ್', ಅಂದರೆ ಹಿಮದ ಹರಳು. 64 ಬಿಟ್‌ಗಳಲ್ಲಿ ಒಂದನ್ನು ಬಿಟ್ಟು, 41 ಬಿಟ್‌ಗಳಲ್ಲಿ ಮಿಲಿಸೆಕೆಂಡಿನ ಲೆಕ್ಕದ ಗಡಿಯಾರ, 10 ಬಿಟ್‌ಗಳಲ್ಲಿ ಯಂತ್ರದ ನಂಬರು, 12 ಬಿಟ್‌ಗಳಲ್ಲಿ ಅದೇ ಮಿಲಿಸೆಕೆಂಡಿನೊಳಗಿನ ಸರದಿ. ಹೀಗೆ 1,024 ಯಂತ್ರಗಳು, ಒಂದೊಂದೂ ಮಿಲಿಸೆಕೆಂಡಿಗೆ 4,096ರಂತೆ, ಒಬ್ಬರನ್ನೊಬ್ಬರು ಕೇಳದೆ ನಂಬರು ಕೊಡಬಹುದು. ನಮ್ಮ ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ, ಚೀಟಿಯ ಮೇಲೆ ಮೊದಲು ವೇಳೆ, ಆಮೇಲೆ ಮೇಜು, ಆಮೇಲೆ ಸರದಿ. ವೇಳೆ ಮುಂದಿರುವುದರಿಂದ ನಂಬರಿನ ಕ್ರಮವೇ ಹೆಚ್ಚುಕಡಿಮೆ ಕಾಲದ ಕ್ರಮ. ಮೇಜಿನ ಗಡಿಯಾರ ಮಾತ್ರ ಹಿಂದಕ್ಕೆ ಹೋಗಬಾರದು, ಹೋದರೆ ಕೊಟ್ಟ ನಂಬರನ್ನೇ ಮತ್ತೆ ಕೊಟ್ಟೀತು. 41 ಬಿಟ್‌ಗಳ ಈ ಗಡಿಯಾರಕ್ಕೂ ಆಯಸ್ಸಿದೆ: ಸುಮಾರು 69 ವರ್ಷ. 2010ರ ನವೆಂಬರಿನಿಂದ ಎಣಿಸಲು ಹಿಡಿದದ್ದು 2080ರಲ್ಲಿ ಮುಗಿಯುತ್ತದೆ.

ಇಷ್ಟು ಓದಿದ ಮೇಲೆ ಮಗಳಿಗೆ ಸ್ನೋಫ್ಲೇಕ್ ಮೇಲೆ ಮನಸ್ಸಾಯಿತು. ಸಂದರ್ಶನದಲ್ಲಿ ಹೇಳಿಕೊಳ್ಳಲೂ ಚೆಂದ. ಆದರೆ ವರ್ಷಕ್ಕೆ ಇನ್ನೂರು ಅರ್ಜಿ ಬರುವ ಸಂಘಕ್ಕೆ ಟ್ವಿಟರಿನ ಯಂತ್ರ ಕಟ್ಟುವುದೆಂದರೆ, ನುಗ್ಗೆಮರದ ಕಾಯಿ ಕೀಳಲು ಕ್ರೇನ್ ತರಿಸಿದಂತೆ. ಗೈಡ್ ಮಾಡುತ್ತಿದ್ದ ಉಪನ್ಯಾಸಕಿ ಇದನ್ನೇ ಬೇರೆ ಮಾತಿನಲ್ಲಿ ಹೇಳಿ, 'ನಿನಗಿರುವುದು ಎಷ್ಟು ಮೇಜು' ಎಂದು ಕೇಳಿದರು. ಇದ್ದದ್ದು ಒಂದೇ.

ಹಾಗಾದರೆ ಊಹಿಸಲಾಗದ ನಂಬರು? ಅದಕ್ಕೆ ಯುಯುಐಡಿ ಎಂಬ 128 ಬಿಟ್‌ಗಳ ಗುರುತು ಬಹಳ ಕಾಲದಿಂದ ಬಳಕೆಯಲ್ಲಿದೆ. ಅಂತರಜಾಲದ ನಿಯಮಾವಳಿಯಲ್ಲಿ ಅದು 2005ರಲ್ಲಿ ಬರಹಕ್ಕಿಳಿಯಿತು. ಇದರಲ್ಲಿ ಹಲವು ಬಗೆ. ಮೊದಲ ಬಗೆಯದು ಗಡಿಯಾರ ಮತ್ತು ಯಂತ್ರದ ವಿಳಾಸ ಸೇರಿಸಿ ಮಾಡಿದ್ದು. ಅದರ ಗಡಿಯಾರ ಹೊರಡುವುದು 1582ರ ಅಕ್ಟೋಬರ್ 15ರಿಂದ, ಅಂದರೆ ಈಗ ಗೋಡೆಯ ಮೇಲಿರುವ ಕ್ಯಾಲೆಂಡರ್ ಪದ್ಧತಿ ಜಾರಿಗೆ ಬಂದ ದಿನದಿಂದ! ಎಲ್ಲರಿಗೂ ಪರಿಚಯವಿರುವುದು ನಾಲ್ಕನೆಯ ಬಗೆ. ಅದರಲ್ಲಿ 122 ಬಿಟ್‌ಗಳು ಕೇವಲ ಯಾದೃಚ್ಛಿಕ, ಕವಡೆ ಎಸೆದು ಬಂದದ್ದನ್ನು ಬರೆದುಕೊಂಡಂತೆ.

ಎರಡು ಸಲ ಒಂದೇ ಬಂದರೆ? ಇದು ಒಳ್ಳೆಯ ಸಂದೇಹ. 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು, 50 ಜನರಾದರೆ ನೂರಕ್ಕೆ 97. ನಂಬಲಾಗದವರು ತರಗತಿಯಲ್ಲೇ ಕೇಳಿ ನೋಡಬಹುದು. ಡಿಕ್ಕಿ ಹೊಡೆಯುವುದು ಜನ ಎಣಿಸುವುದಕ್ಕಿಂತ ಬೇಗ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೂ ನಾಲ್ಕನೆಯ ಬಗೆಯ ಯುಯುಐಡಿಯಲ್ಲಿ ಅಂಥ ಅರ್ಧಕ್ಕರ್ಧ ಸಾಧ್ಯತೆ ಬರಬೇಕಾದರೆ ಸೆಕೆಂಡಿಗೆ ನೂರು ಕೋಟಿಯಂತೆ ಸುಮಾರು 86 ವರ್ಷ ನಂಬರು ಕೊಡಬೇಕು. ನೆಮ್ಮದಿಯಾಗಿ ಮಲಗಬಹುದು.

ಇದಕ್ಕೆ ತೆರಬೇಕಾದ ಬೆಲೆ ಬೇರೆ. ಕ್ರಮಸಂಖ್ಯೆಯಾದರೆ ಹೊಸ ದಾಖಲೆ ರಿಜಿಸ್ಟರಿನ ಕೊನೆಯ ಹಾಳೆಗೆ ಹೋಗುತ್ತದೆ. ಆ ಒಂದು ಹಾಳೆ ಸದಾ ಮೇಜಿನ ಮೇಲೆ ತೆರೆದೇ ಇರುತ್ತದೆ. ಯಾದೃಚ್ಛಿಕ ನಂಬರಾದರೆ ಒಂದು ದಾಖಲೆ 8ನೇ ಪುಟದಲ್ಲಿ, ಮುಂದಿನದು 9,120ರಲ್ಲಿ, ಅದರ ಮುಂದಿನದು 403ರಲ್ಲಿ. ಪ್ರತಿಸಲವೂ ಬೀರುವಿನಿಂದ ಬೇರೆ ಸಂಪುಟ ಇಳಿಸಬೇಕು. ಪುಟ ತುಂಬಿದ್ದರೆ ಹರಿದು ಎರಡು ಮಾಡಬೇಕು. ದಾಖಲೆಗಳು ಕೋಟಿಗೇರಿದಾಗ ಡೇಟಾಬೇಸು ಏದುಸಿರು ಬಿಡುವುದು ಇದರಿಂದಲೇ. 2024ರ ಮೇ ತಿಂಗಳಲ್ಲಿ ಪರಿಷ್ಕೃತವಾದ ನಿಯಮಾವಳಿಯಲ್ಲಿ ಏಳನೆಯ ಬಗೆಯೊಂದು ಸೇರಿತು: ಮುಂದಿನ 48 ಬಿಟ್ ಗಡಿಯಾರ, ಹಿಂದಿನದು ಹೆಚ್ಚಿನಂಶ ಯಾದೃಚ್ಛಿಕ. ಹೊಸದು ಕೊನೆಯ ಹಾಳೆಗೇ ಹೋಗುತ್ತದೆ, ಮುಂದಿನದನ್ನು ಊಹಿಸಲೂ ಆಗುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನ 2025ರ ಆವೃತ್ತಿಯಲ್ಲಿ ಇದು ಹುಟ್ಟಾ ಇದೆ. ದಾಖಲೆ ಎಷ್ಟು ಹೊತ್ತಿಗೆ ಹುಟ್ಟಿತೆಂಬುದನ್ನು ಮಾತ್ರ ಇದು ಮುಚ್ಚಿಡುವುದಿಲ್ಲ. ಕೊನೆಯ ದಿನ ರಾತ್ರಿ ಹನ್ನೊಂದೂವರೆಗೆ ಅರ್ಜಿ ಹಾಕಿದವನ ಸೋಮಾರಿತನ ನಂಬರಿನಲ್ಲೇ ಕೂತಿರುತ್ತದೆ!

ಈ ನಡುವೆ ಸಂಘದ ಕಾರ್ಯದರ್ಶಿಗಳು ಒಂದು ಸಲಹೆ ಕಳಿಸಿದರು. ನಂಬರು ನೋಡಿದೊಡನೆ ಎಲ್ಲ ತಿಳಿಯುವಂತಿರಲಿ: ವರ್ಷ, ತಾಲ್ಲೂಕು, ಮೀಸಲಾತಿ ಪ್ರವರ್ಗ, ಆಮೇಲೆ ಸರದಿ. ವಿಂಗಡಿಸಲು ಅನುಕೂಲ. ಮಗಳಿಗೂ ಇದು ಸರಿಯೆನಿಸಿತ್ತು. ಯಾವತ್ತೂ ದನಿ ಎತ್ತದ ಅಪ್ಪ ಅಂದು ಎತ್ತಿದರು.

'ಆಯ್ಕೆಯಾದವರ ಪಟ್ಟೀನ ಶಾಲೆಯ ಗೋಡೆಗೆ ಅಂಟಿಸ್ತೀವಿ. ಹೆಸರು ಬೇಡ, ನಂಬರು ಮಾತ್ರ ಹಾಕೋಣ ಅಂತ ನಾವೇ ನಿಯಮ ಮಾಡಿದ್ದು. ಆ ನಂಬರಿನ ಹೊಟ್ಟೇಲಿ 2ಎ ಅಂತ ಬರೆದಿಟ್ಟರೆ ಇನ್ನೇನು ಉಳೀತಮ್ಮಾ?'

ಅರ್ಥವನ್ನು ಹೊತ್ತ ನಂಬರಿನ ಕಷ್ಟ ಇನ್ನೂ ಇದೆ. ಅರ್ಥ ಬದಲಾದರೂ ನಂಬರು ಬದಲಾಗುವುದಿಲ್ಲ. ಕೆಎ 13 ಎಂದರೆ ಹಾಸನ ಎಂದು ಹೆಮ್ಮೆಪಡುವ ಸ್ಕೂಟರು ಬೇರೆ ರಾಜ್ಯಕ್ಕೆ ಹೋಗಿ ವರ್ಷ ದಾಟಿದರೆ ಹೊಸ ನಂಬರು ಪಡೆಯಬೇಕು. ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. ನಂಬರಿನೊಳಗೆ ಬಳ್ಳಾರಿಯ ಗುರುತು ಹೊತ್ತ ಹೊಸಪೇಟೆಯ ಕಡತಗಳು ಅಂದು ಎಲ್ಲಿಗೆ ಸೇರಬೇಕು? ಅಮೆರಿಕದಲ್ಲಿ ಇದರ ಪಾಠ ದೊಡ್ಡದಾಗಿಯೇ ಆಯಿತು. 1936ರಿಂದ ಅಲ್ಲಿ ಕೊಡುತ್ತಿದ್ದ ಒಂಬತ್ತು ಅಂಕಿಯ ಸಾಮಾಜಿಕ ಭದ್ರತಾ ನಂಬರಿನ ಮೊದಲ ಮೂರು ಅಂಕಿ ರಾಜ್ಯವನ್ನು ಸೂಚಿಸುತ್ತಿದ್ದವು. ಹುಟ್ಟಿದ ಊರು, ತಾರೀಖು ಗೊತ್ತಿದ್ದರೆ ನಂಬರನ್ನೇ ಊಹಿಸಬಹುದೆಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರಿಬ್ಬರು 2009ರಲ್ಲಿ ತೋರಿಸಿದರು. 2011ರ ಜೂನ್ 25ರಿಂದ ಅಲ್ಲಿಯೂ ನಂಬರು ಯಾದೃಚ್ಛಿಕವಾಯಿತು.

ಭಾರತ ಈ ವಿಷಯದಲ್ಲಿ ಮೊದಲೇ ಎಚ್ಚರ ವಹಿಸಿತ್ತೆನ್ನಬೇಕು. ಬೆಂಗಳೂರಿನವರೇ ಆದ ನಂದನ್ ನಿಲೇಕಣಿ ಅಧ್ಯಕ್ಷರಾಗಿದ್ದ ಪ್ರಾಧಿಕಾರ ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ 2010ರ ಸೆಪ್ಟೆಂಬರಿನಲ್ಲಿ ಮೊದಲ ಆಧಾರ್ ನಂಬರುಗಳನ್ನು ಕೊಟ್ಟಿತು. ಆಧಾರ್ ಸುತ್ತ ಏನೇ ವಾದವಿವಾದಗಳಿರಲಿ, ಆ ನಂಬರನ್ನು ರೂಪಿಸಿದ ರೀತಿ ಮೆಚ್ಚಬೇಕಾದದ್ದೇ. ಅದರಲ್ಲಿ ರಾಜ್ಯವಿಲ್ಲ, ಜಾತಿಯಿಲ್ಲ, ಹೆಣ್ಣುಗಂಡೆಂಬುದಿಲ್ಲ, ಹುಟ್ಟಿದ ವರ್ಷವಿಲ್ಲ. ಒಬ್ಬರಿಗೆ ಕೊಟ್ಟದ್ದನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ, ನಂಬರು ಯಾದೃಚ್ಛಿಕವಾಗಿರಬೇಕು ಎಂದು 2016ರ ಕಾಯಿದೆಯಲ್ಲೇ ಬರೆದಿದೆ. ಮೊದಲ ಅಂಕಿ ಸೊನ್ನೆ ಅಥವಾ ಒಂದು ಆಗಿರುವುದಿಲ್ಲ. ಹನ್ನೊಂದು ಅಂಕಿಗಳಲ್ಲಿ 8,000 ಕೋಟಿ ನಂಬರುಗಳಿಗೆ ಜಾಗವಿದ್ದು, ಇದುವರೆಗೆ ಕೊಟ್ಟಿರುವುದು 140 ಕೋಟಿ ಚಿಲ್ಲರೆ. ಹನ್ನೆರಡನೆಯ ಅಂಕಿ ಕೇವಲ ಕಾವಲುಗಾರ.

ಕೊನೆಗೆ ಮಗಳು ಒಂದೇ ನಂಬರಿನಿಂದ ಎಲ್ಲ ಕೆಲಸ ಮಾಡಿಸುವ ಯೋಚನೆ ಬಿಟ್ಟಳು. ಒಳಗೆ, ಡೇಟಾಬೇಸಿನ ಕೊಂಡಿಗಳಿಗೆ, 64 ಬಿಟ್‌ಗಳ ಸಾದಾ ಕ್ರಮಸಂಖ್ಯೆ. ಅದು ಹೊರಗೆ ಯಾರ ಕಣ್ಣಿಗೂ ಬೀಳದು. ವಿಳಾಸದ ಸಾಲಿನಲ್ಲಿ ನಾಲ್ಕನೆಯ ಬಗೆಯ ಯುಯುಐಡಿ. ಇನ್ನೂರು ಅರ್ಜಿಗೆ ವೇಗದ ಚಿಂತೆಯಿಲ್ಲವಾದ್ದರಿಂದ ವೇಳೆ ಹೇಳದ ಬಗೆಯೇ ಸಾಕೆಂದಳು. ಬೀಗ ಎರಡರ ಮೇಲೂ ಇದ್ದೇ ಇದೆ. ವರ್ಷ, ತಾಲ್ಲೂಕು, ಪ್ರವರ್ಗಗಳಿಗೆ ಪ್ರತ್ಯೇಕ ಅಂಕಣ ಮಾಡಿಕೊಟ್ಟಾಗ ಕಾರ್ಯದರ್ಶಿಗಳಿಗೂ ವಿಂಗಡಿಸುವ ಅನುಕೂಲ ಸಿಕ್ಕಿತು.

ಉಳಿದದ್ದು ಅರ್ಜಿ ಹಾಕಿದವರ ಕೈಗೆ ಕೊಡುವ ಚೀಟಿ. 36 ಅಕ್ಷರಗಳ ಯುಯುಐಡಿಯನ್ನು ಹಳ್ಳಿಯ ತಾಯಿಯೊಬ್ಬಳು ಫೋನಿನಲ್ಲಿ ಓದಿ ಹೇಳುವುದು ಹೇಗೆ? ಅದಕ್ಕೆ ಎಂಟು ಅಂಕಿಯ ಬೇರೊಂದು ಅರ್ಜಿ ನಂಬರು ಮಾಡಿದಳು. ಏಳು ಅಂಕಿ ಯಾದೃಚ್ಛಿಕ. ಎರಡು ಸಲ ಬಂದರೆ ಡೇಟಾಬೇಸೇ ತಡೆದು ಬೇರೆ ಕೇಳುತ್ತದೆ. ಎಂಟನೆಯದು ಆಧಾರಿನಲ್ಲಿರುವಂಥ ಕಾವಲಿನ ಅಂಕಿ, ಹಾಲೆಂಡಿನ ಗಣಿತಜ್ಞ ವರ್ಹೋಫ್ 1969ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಬಂದದ್ದು. ಆ ಲೆಕ್ಕದಲ್ಲಿ 236ರ ಕಾವಲು 3, ಆದ್ದರಿಂದ 2363 ಸರಿಯಾದ ನಂಬರು. ಅವಸರದಲ್ಲಿ 2633 ಎಂದು ಬರೆದರೆ ಲೆಕ್ಕ ಕೂಡುವುದಿಲ್ಲ. ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿದುಬಿಡುತ್ತದೆ. ಪರದೆಯ ಮೇಲೆ 'ನಂಬರು ಸರಿಯಿಲ್ಲ, ಚೀಟಿಯನ್ನು ಮತ್ತೊಮ್ಮೆ ನೋಡಿ' ಎಂಬ ಸಾಲು ಬರುತ್ತದೆ. ಬೇರೊಂದು ಮಗುವಿನ ಹಣ ಇನ್ನೊಂದು ಮಗುವಿನ ಖಾತೆಗೆ ಹೋಗುವುದಿಲ್ಲ.